ಕ್ವಾಂಟಮ್ ಲೈನಿಗೂ ಜಾಯಿಂಟ್ ಹಾಕುವ ಕೈ ಬೇಕು

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಒಳಪುಟದಲ್ಲಿ ಬೆಳಕಿನ ಒಂಟಿ ಕಣಗಳನ್ನು ಬಳಸುವ ಕ್ವಾಂಟಮ್ ಸಂವಹನದ ಬಗ್ಗೆ ಒಂದು ಸುದ್ದಿ ಬಂದಿತ್ತು. ‘ಬೆಳಕಿಗಿಂತ ವೇಗ, ಯಾರೂ ಭೇದಿಸಲಾಗದ ಭದ್ರತೆ’ ಎಂದು ತಲೆಬರಹ, ಪಕ್ಕದಲ್ಲಿ ನೀಲಿ ಬಣ್ಣದಲ್ಲಿ ಹೊಳೆಯುವ ಗೋಳದ ಚಿತ್ರ. ಮಾರನೆಯ ದಿನ ನಮ್ಮ ಪಾಲಿಟೆಕ್ನಿಕ್‌ನ ಐದನೇ ಸೆಮಿಸ್ಟರ್ ಹುಡುಗನೊಬ್ಬ ಆ ಪುಟವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. “ಸರ್, ಇದು ಬಂದ್ರೆ ನಾವು ಈಗ ಕಲೀತಿರೋ ಫೈಬರ್ ಎಲ್ಲಾ ವೇಸ್ಟಾ?” ಎಂದು ಕೇಳಿದ. ಅವನ ಮುಖ ನೋಡಿ ನನಗೆ ಸಂಕಟವಾಯಿತು. ಬಡ ಮನೆಯ ಹುಡುಗ, ಎರಡು ಬಸ್ ಬದಲಿಸಿ ಕಾಲೇಜಿಗೆ ಬರುತ್ತಾನೆ. ತಾನು ಕಲಿಯುತ್ತಿರುವುದಕ್ಕೆ ನಾಳೆ ಬೆಲೆ ಇರುವುದಿಲ್ಲ ಎಂಬ ಭಯ ಅವನಿಗೆ ಹುಟ್ಟಿದ್ದು ನಮ್ಮ ನಿಮ್ಮ ಮಾತಿನಿಂದ. ಅದಕ್ಕೇ ಈ ಪತ್ರ. ಉದ್ದವಾಗಿದೆ, ಆದರೂ ದಯವಿಟ್ಟು ಪ್ರಕಟಿಸಿ.

ನಾನು ಡಿಪ್ಲೊಮಾ ಮುಗಿಸಿ ಹನ್ನೊಂದು ವರ್ಷ ಆಪ್ಟಿಕಲ್ ಫೈಬರ್ ಕೇಬಲ್ ಎಳೆಸುವ, ತುಂಡಾದದ್ದನ್ನು ಕೂಡಿಸುವ ಕೆಲಸ ಮಾಡಿದವನು. ಸಂಜೆ ಕಾಲೇಜಿನಲ್ಲಿ ಬಿ.ಇ. ಮಾಡಿಕೊಂಡು ಆಮೇಲೆ ಪಾಠಕ್ಕೆ ಬಂದೆ. ಹೆದ್ದಾರಿ ಪಕ್ಕದ ಗುಂಡಿಯಲ್ಲಿ ಕೂತು, ಮೇಲೊಂದು ಟಾರ್ಪಾಲ್ ಕಟ್ಟಿಕೊಂಡು, ಮಳೆಯಲ್ಲಿ ಜಾಯಿಂಟ್ ಹಾಕಿದ ಕೈ ಇದು. ಜೆಸಿಬಿ ಹಲ್ಲಿಗೆ ಸಿಕ್ಕಿ ಹರಿದ ಕೇಬಲ್‌ನ ಎರಡೂ ತುದಿ ಎತ್ತಿಕೊಂಡು, ಜೆಲ್ ಒರೆಸಿ, ಕೂದಲಿನಷ್ಟು ಸಣ್ಣ ಗಾಜಿನ ಎಳೆಯನ್ನು ಕ್ಲೀವರ್‌ನಲ್ಲಿ ನೇರವಾಗಿ ಕತ್ತರಿಸಿ, ಸ್ಪ್ಲೈಸಿಂಗ್ ಮೆಷಿನ್‌ನಲ್ಲಿ ಎದುರುಬದುರು ಇಟ್ಟರೆ ಒಂದು ಕ್ಷಣ ಕಿಡಿ ಹಾರುತ್ತದೆ, ಎರಡು ಗಾಜು ಒಂದಾಗುತ್ತದೆ. ಪರದೆಯ ಮೇಲೆ 0.03 ಎಂದು ಬಂದರೆ ಸಮಾಧಾನ. 0.2 ಎಂದು ಬಂದರೆ ಮತ್ತೆ ಕತ್ತರಿಸಬೇಕು. ಆ ಅಂಕಿ ಲಾಸ್, ಅಂದರೆ ದಾರಿಯಲ್ಲಿ ಕಳೆದುಹೋಗುವ ಬೆಳಕು, ಡೆಸಿಬೆಲ್ ಎಂಬ ಅಳತೆಯಲ್ಲಿ. ಅದನ್ನು ನೋಡಿ ನೋಡಿ ಬದುಕಿದವನಾದ್ದರಿಂದ ಧೈರ್ಯವಾಗಿ ಹೇಳುತ್ತೇನೆ: ಕ್ವಾಂಟಮ್ ಸಂವಹನದ ಹೃದಯದಲ್ಲಿರುವುದೂ ಅದೇ ಲಾಸ್. ಆ ಹುಡುಗ ಕಲಿಯುತ್ತಿರುವ ಯಾವುದೂ ವ್ಯರ್ಥವಲ್ಲ.

ಮೊದಲು ತಲೆಬರಹದ ಎರಡು ತಪ್ಪು. ಬೆಳಕಿಗಿಂತ ವೇಗವಾಗಿ ಯಾವ ಸಂದೇಶವೂ ಹೋಗುವುದಿಲ್ಲ. ಹೆಣೆದುಕೊಂಡ ಎರಡು ಫೋಟಾನ್‌ಗಳನ್ನು, ಅಂದರೆ ಒಂದರ ಸ್ಥಿತಿ ಇನ್ನೊಂದಕ್ಕೆ ಅಂಟಿಕೊಂಡ ಎರಡು ಬೆಳಕಿನ ಕಣಗಳನ್ನು, ದೂರ ದೂರ ಇಟ್ಟು ಅಳೆದರೆ ಉತ್ತರಗಳು ಒಂದಕ್ಕೊಂದು ತಾಳೆಯಾಗುತ್ತವೆ, ನಿಜ. ಆದರೆ ಯಾವ ಉತ್ತರ ಬರಬೇಕೆಂದು ಈ ತುದಿಯವರು ಆರಿಸಲು ಬರುವುದಿಲ್ಲ, ಹಾಗಾಗಿ ಅದರಲ್ಲಿ ಸುದ್ದಿ ತುಂಬಿ ಕಳಿಸಲೂ ಬರುವುದಿಲ್ಲ. 1993ರಲ್ಲಿ ಆರು ವಿಜ್ಞಾನಿಗಳು ಬರೆದ ಕ್ವಾಂಟಮ್ ಟೆಲಿಪೋರ್ಟೇಶನ್ (ಒಂದು ಕಣದ ಸ್ಥಿತಿಯನ್ನು ದೂರದ ಇನ್ನೊಂದಕ್ಕೆ ವರ್ಗಾಯಿಸುವ) ವಿಧಾನದಲ್ಲೂ ಮಾಮೂಲಿ ಲೈನಿನಲ್ಲಿ ಎರಡು ಬಿಟ್ (0 ಅಥವಾ 1 ಎಂಬ ಅಂಕಿ) ಕಳಿಸದೆ ಕೆಲಸ ಮುಗಿಯುವುದಿಲ್ಲ. ಎರಡನೆಯ ತಪ್ಪು ‘ಭೇದಿಸಲಾಗದ’ ಎಂಬ ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ಇವತ್ತು ಕ್ವಾಂಟಮ್ ಸಂವಹನ ಎಂದು ನೆಲದ ಮೇಲೆ ನಿಜವಾಗಿ ನಡೆಯುತ್ತಿರುವುದು ಬಹುಪಾಲು ಒಂದೇ ಕೆಲಸ: ಎರಡು ಊರಿನ ನಡುವೆ ಒಂದು ರಹಸ್ಯ ಕೀ, ಅಂದರೆ ಸಂದೇಶಕ್ಕೆ ಬೀಗ ಹಾಕುವ ಗುಟ್ಟಿನ ಅಂಕಿಸಾಲು, ಹುಟ್ಟಿಸುವುದು. ಸಂದೇಶವನ್ನು ಕಳಿಸುವುದಲ್ಲ. ಸಂದೇಶ ಎಂದಿನಂತೆ ಮಾಮೂಲಿ ಲೈನಿನಲ್ಲೇ ಹೋಗುತ್ತದೆ, ಆ ಕೀಯಿಂದ ಬೀಗ ಹಾಕಿಸಿಕೊಂಡು. ಇದನ್ನು ಕ್ಯೂಕೆಡಿ ಅನ್ನುತ್ತಾರೆ, ಕ್ವಾಂಟಮ್ ಕೀ ಹಂಚಿಕೆ.

ನಾನು ಫೀಲ್ಡ್‌ನಲ್ಲಿದ್ದಾಗ ನಮ್ಮ ಕಿಟ್‌ನಲ್ಲಿ ಫೈಬರ್ ಐಡೆಂಟಿಫೈಯರ್ ಎಂಬ ಸಾಧನ ಇರುತ್ತಿತ್ತು. ಇಕ್ಕಳದ ಹಾಗಿರುತ್ತದೆ. ಯಾವ ಎಳೆಯಲ್ಲಿ ಟ್ರಾಫಿಕ್ ಓಡುತ್ತಿದೆ ಎಂದು ತಿಳಿಯಲು ಎಳೆಯನ್ನು ಅದರ ಬಾಯಿಯಲ್ಲಿ ಇಟ್ಟು ಒತ್ತಿದರೆ ಫೈಬರ್ ಚೂರು ಬಾಗುತ್ತದೆ, ಬಾಗಿದ ಕಡೆ ಒಂದಿಷ್ಟು ಬೆಳಕು ಸೋರುತ್ತದೆ, ಸಾಧನ ಅದನ್ನು ಹಿಡಿದು ದೀಪ ಹೊತ್ತಿಸುತ್ತದೆ. ಲೈನ್ ಕಡಿಯಬೇಕಿಲ್ಲ, ಯಾರಿಗೂ ಕರೆ ತಪ್ಪುವುದಿಲ್ಲ. ಮೊದಲ ಸಲ ಅದನ್ನು ಕೈಯಲ್ಲಿ ಹಿಡಿದಾಗಲೇ ನನಗೆ ಹೊಳೆದದ್ದು, ಕೆಟ್ಟ ಉದ್ದೇಶದವನ ಕೈಗೂ ಇಂಥದ್ದು ಸಿಕ್ಕರೆ ಏನು ಗತಿ ಎಂದು. ಲೆಕ್ಕ ಹಾಕಿ. 1550 ನ್ಯಾನೋಮೀಟರ್ ತರಂಗಾಂತರದಲ್ಲಿ 1 ಮಿಲಿವ್ಯಾಟ್ ಬೆಳಕು ಎಂದರೆ ಸೆಕೆಂಡಿಗೆ ಸುಮಾರು 7,800 ಲಕ್ಷ ಕೋಟಿ ಫೋಟಾನ್. ಅದರಲ್ಲಿ ನೂರಕ್ಕೆ ಒಂದು ಪಾಲು ಕದ್ದರೂ ಕಳ್ಳನ ಕೈಗೆ ಬೇಕಾದದ್ದಕ್ಕಿಂತ ಹೆಚ್ಚೇ ಸಿಗುತ್ತದೆ. ಲೈನಿಗೆ ಆಗುವ ನಷ್ಟವೋ, 0.04 ಡೆಸಿಬೆಲ್. ಒಂದು ಒಳ್ಳೆಯ ಜಾಯಿಂಟಿನಲ್ಲಿ ಹೋಗುವಷ್ಟೇ. ಸ್ಟೇಷನ್‌ನಲ್ಲಿ ಮೀಟರ್ ಮುಂದೆ ಕೂತವನಿಗೆ ಗೊತ್ತೇ ಆಗುವುದಿಲ್ಲ.

ಈಗ ಒಂದು ಪಲ್ಸ್‌ಗೆ ಒಂದೇ ಫೋಟಾನ್ ಕಳಿಸಿದರೆ? ಒಂದನ್ನು ನೂರು ಪಾಲು ಮಾಡಲು ಬರುವುದಿಲ್ಲ. ಕಳ್ಳ ತೆಗೆದುಕೊಂಡರೆ ಅದು ಆ ತುದಿ ಸೇರುವುದೇ ಇಲ್ಲ, ಸೇರದ ಫೋಟಾನ್‌ನಿಂದ ಕೀ ಕಟ್ಟುವುದೂ ಇಲ್ಲ. ಹಿಡಿದು, ನೋಡಿ, ಅದರಂತೆಯೇ ಇನ್ನೊಂದು ಮಾಡಿ ಮುಂದೆ ಕಳಿಸುತ್ತೇನೆ ಎಂದರೆ ನೋಡುವಾಗಲೇ ಅದು ಕೆಡುತ್ತದೆ. ಈ ಎರಡನೆಯ ಮಾತು ನನ್ನ ವಿದ್ಯಾರ್ಥಿಗಳಿಗೆ ಬಾಯಿಮಾತಿನಲ್ಲಿ ಹತ್ತಲಿಲ್ಲ. ಅದಕ್ಕೆ ಕಾಗದದ ಆಟ ಕಟ್ಟಿದೆ.

ಆಟಕ್ಕೆ ಮುಂಚೆ, ಕೆಟ್ಟ ಕ್ಯಾಲ್ಕ್ಯುಲೇಟರ್‌ಗಳ ಡಿಸ್‌ಪ್ಲೇ ಮೇಲಿಂದ ಕಿತ್ತ ಮೂರು ಪೋಲರಾಯ್ಡ್ ಹಾಳೆ (ಒಂದೇ ದಿಕ್ಕಿನಲ್ಲಿ ತೂಗುವ ಬೆಳಕನ್ನಷ್ಟೇ ಬಿಡುವ ಹಾಳೆ) ತೋರಿಸುತ್ತೇನೆ. ಎರಡನ್ನು ಅಡ್ಡಡ್ಡ ಹಿಡಿದರೆ ಕಿಟಕಿ ಕತ್ತಲು. ನಡುವೆ ಮೂರನೆಯದನ್ನು ಓರೆಯಾಗಿ ತೂರಿಸಿದರೆ ಕತ್ತಲಿದ್ದ ಕಡೆ ಬೆಳಕು ಬರುತ್ತದೆ! ಒಂದು ತಡೆ ಹೆಚ್ಚಿಸಿದ್ದಕ್ಕೆ ಬೆಳಕು ಹೆಚ್ಚಿತು. ಇಡೀ ತರಗತಿ ಎದ್ದು ಮುಂದೆ ಬರುತ್ತದೆ. ನಡುವಿನ ಹಾಳೆ ಬೆಳಕನ್ನು ಸುಮ್ಮನೆ ಸೋಸಲಿಲ್ಲ, ತನ್ನ ದಿಕ್ಕಿಗೆ ತಿರುಗಿಸಿತು. ಅಳೆಯುವುದು ಎಂದರೆ ಮುಟ್ಟುವುದು, ಮುಟ್ಟಿದರೆ ಬದಲಾಗುತ್ತದೆ ಎಂದು ಆಗ ಕಣ್ಣಿಗೇ ಕಾಣುತ್ತದೆ.

ಆಮೇಲೆ 64 ಲಕೋಟೆ. ಒಬ್ಬಳು ಅಕ್ಕ, ಒಬ್ಬ ತಮ್ಮ, ದೂರದ ಎರಡು ಊರಿನಲ್ಲಿದ್ದಾರೆ. ಅಕ್ಕ ಪ್ರತಿ ಚೀಟಿಯಲ್ಲೂ 0 ಅಥವಾ 1 ಬರೆದು, ಅದನ್ನು ‘ನೇರ’ ಅಥವಾ ‘ಓರೆ’ ಎಂಬ ಎರಡರಲ್ಲಿ ಒಂದು ಕ್ರಮದಲ್ಲಿ ಬರೆದೆ ಎಂದು ಗುರುತು ಹಾಕಿ ಲಕೋಟೆಗೆ ಹಾಕುತ್ತಾಳೆ. ತಮ್ಮ ಲಕೋಟೆ ಒಡೆಯುವ ಮುಂಚೆ ಯಾವ ಕ್ರಮದಲ್ಲಿ ಓದುತ್ತೇನೆ ಎಂದು ಹೇಳಬೇಕು. ಲಕೋಟೆ ಒಡೆಯುವ ಹುಡುಗಿ ಬೇರೆ, ಅವಳ ಕೈಯಲ್ಲಿ ಒಂದು ರೂಪಾಯಿ ನಾಣ್ಯ ಇರುತ್ತದೆ. ಕ್ರಮ ಹೊಂದಿದರೆ ಚೀಟಿಯಲ್ಲಿರುವ ಅಂಕಿಯನ್ನೇ ಹೇಳುತ್ತಾಳೆ. ಹೊಂದದಿದ್ದರೆ ನಾಣ್ಯ ಚಿಮ್ಮಿ ಬಂದದ್ದನ್ನು ಹೇಳುತ್ತಾಳೆ, ಚೀಟಿ ಹರಿದು ಹಾಕುತ್ತಾಳೆ. ಪ್ರಕೃತಿ ಮಾಡುವುದೂ ಅಷ್ಟೇ: ಚೀಟಿಯೇ ಫೋಟಾನ್, ‘ನೇರ’ ‘ಓರೆ’ ಎಂದರೆ ಅದು ತೂಗುವ ದಿಕ್ಕನ್ನು ಅಳೆಯುವ ಎರಡು ಬಗೆ. ಎಲ್ಲ ಮುಗಿದ ಮೇಲೆ ಅಕ್ಕ ತಮ್ಮ ಇಬ್ಬರೂ ತರಗತಿಗೆಲ್ಲ ಕೇಳುವ ಹಾಗೆ ಕ್ರಮಗಳನ್ನು ಮಾತ್ರ ಕೂಗಿ ಹೇಳುತ್ತಾರೆ, ಅಂಕಿಗಳನ್ನಲ್ಲ. ಕ್ರಮ ಹೊಂದಿದವನ್ನು ಉಳಿಸಿಕೊಂಡು ಮಿಕ್ಕದ್ದು ಬಿಡುತ್ತಾರೆ. ಕಳೆದ ಬ್ಯಾಚ್‌ನಲ್ಲಿ 64ರಲ್ಲಿ 33 ಉಳಿಯಿತು. 33ಕ್ಕೆ 33 ತಾಳೆ. ಅದೇ ಕೀ.

ಎರಡನೇ ಸುತ್ತಿನಲ್ಲಿ ನಡುವಿನ ಬೆಂಚಿನಲ್ಲಿ ಒಬ್ಬ ಕಳ್ಳನನ್ನು ಕೂರಿಸಿದೆ. ಅವನೂ ಊಹೆಯ ಮೇಲೆ ಕ್ರಮ ಹೇಳಿ ಒಡೆಸಬೇಕು, ತಿಳಿದದ್ದನ್ನು ಹೊಸ ಚೀಟಿಯಲ್ಲಿ ಬರೆದು ಮುಂದೆ ಸಾಗಿಸಬೇಕು. ಅರ್ಧ ಸಲ ಅವನ ಊಹೆ ತಪ್ಪುತ್ತದೆ, ತಪ್ಪಿದವುಗಳಲ್ಲಿ ಅರ್ಧ ತಮ್ಮನ ಹತ್ತಿರ ಉಲ್ಟಾ ಬರುತ್ತದೆ. ಅಂದರೆ ನಾಲ್ಕರಲ್ಲಿ ಒಂದು. ಅವತ್ತು ಉಳಿದದ್ದು 30, ತಾಳೆಯಾಗದ್ದು 7. ಬೋರ್ಡಿನ ಮೇಲೆ ಆ 7ಕ್ಕೆ ಸುತ್ತು ಹಾಕಿದಾಗ, ಅಕ್ಕನಾಗಿದ್ದ ಹುಡುಗಿ ಹಿಂದಿರುಗಿ ಕಳ್ಳನನ್ನು ನೋಡಿ “ಸಿಕ್ಕಿಬಿದ್ದೆ ಕಣೋ” ಎಂದಳು. ನನಗೆ ಆ ದಿನದ ಸಂಬಳ ಅಲ್ಲೇ ಸಿಕ್ಕಿತು.

ಈ ಆಟದ ನಿಜವಾದ ಹೆಸರು ಬಿಬಿ84. ಬಿ ಎಂದರೆ ಐಬಿಎಂನ ಚಾರ್ಲ್ಸ್ ಬೆನೆಟ್, ಇನ್ನೊಂದು ಬಿ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಜೀಲ್ ಬ್ರಾಸಾರ್, 84 ಎಂದರೆ 1984. ಇಬ್ಬರ ಪರಿಚಯವಾದದ್ದು 1979ರಲ್ಲಿ, ಪೋರ್ಟೊ ರಿಕೊದ ಸಾನ್ ಹುವಾನ್‌ನಲ್ಲಿ ಸಮ್ಮೇಳನಕ್ಕೆ ಹೋಗಿ ಸಮುದ್ರದಲ್ಲಿ ಈಜುತ್ತಿದ್ದಾಗ. ಸ್ಟೀಫನ್ ವೀಸ್ನರ್ ಎಂಬವರು ಅದಕ್ಕೂ ಎಷ್ಟೋ ವರ್ಷ ಮುಂಚೆ ಯೋಚಿಸಿದ್ದ, ನಕಲಿ ಮಾಡಲಾಗದ ‘ಕ್ವಾಂಟಮ್ ನೋಟು’ ಅವರ ಮಾತಿನ ವಿಷಯವಾಗಿತ್ತು. ಅಲ್ಲಿಂದ ಬೆಳೆದ ಆಲೋಚನೆಯನ್ನು ಐದು ಪುಟದ ಪ್ರಬಂಧವಾಗಿ ಅವರು ಮಂಡಿಸಿದ ಊರು ಯಾವುದು ಗೊತ್ತೇ? ಬೆಂಗಳೂರು. 1984ರ ಡಿಸೆಂಬರ್, ಕಂಪ್ಯೂಟರ್, ಸಿಸ್ಟಮ್ಸ್ ಮತ್ತು ಸಿಗ್ನಲ್ ಪ್ರಾಸೆಸಿಂಗ್ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ. ಜಗತ್ತಿನ ಯಾವ ಮೂಲೆಯಲ್ಲಿ ಯಾರು ಕ್ವಾಂಟಮ್ ಕೀ ಬಗ್ಗೆ ಬರೆದರೂ ಮೊದಲ ಉಲ್ಲೇಖಗಳಲ್ಲಿ ನಮ್ಮ ಬೆಂಗಳೂರಿನ ಹೆಸರು ಇರುತ್ತದೆ. ನನ್ನ ತರಗತಿಯಲ್ಲಿ ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ನಿಮ್ಮ ಪತ್ರಿಕೆ ಬರೆಯಬೇಕಾದ ಸುದ್ದಿ ಇದಲ್ಲವೇ?

ಎರಡನೇ ಸುತ್ತು ಮುಗಿದಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು. “ಸರ್, ಕಳ್ಳ ಲಕೋಟೆ ಒಡೆಯೋ ಮುಂಚೆ ಜೆರಾಕ್ಸ್ ಮಾಡಿಟ್ಕೊಂಡ್ರೆ? ಅಕ್ಕ ತಮ್ಮ ಕ್ರಮ ಕೂಗಿದ ಮೇಲೆ ನಿಧಾನವಾಗಿ ಒಡೆದು ನೋಡಬಹುದಲ್ಲ?” ತುಂಬ ಸರಿಯಾದ ಪ್ರಶ್ನೆ. ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯನ್ನು ಜೆರಾಕ್ಸ್ ಮಾಡುವ ಯಂತ್ರ ಇರಲು ಸಾಧ್ಯವೇ ಇಲ್ಲ ಎಂದು 1982ರಲ್ಲಿ ವೂಟರ್ಸ್ ಮತ್ತು ಜುರೆಕ್ ಒಂದು ಕಡೆ, ಡೀಕ್ಸ್ ಇನ್ನೊಂದು ಕಡೆ ಗಣಿತದಿಂದಲೇ ತೋರಿಸಿದರು. ಕಳ್ಳನ ಕೈ ಕಟ್ಟಿದ್ದು ಈ ನಿಯಮ.

ಆದರೆ ಇದೇ ನಿಯಮ ನಮ್ಮ ಕೈಯನ್ನೂ ಕಟ್ಟುತ್ತದೆ, ಎಂಜಿನಿಯರ್‌ಗೆ ಕಷ್ಟ ಶುರುವಾಗುವುದು ಇಲ್ಲಿಂದ. ಮಾಮೂಲಿ ಲೈನಿನಲ್ಲಿ ಬೆಳಕು ಸೊರಗಿದ ಕಡೆ ಆಂಪ್ಲಿಫೈಯರ್ ಇಡುತ್ತೇವೆ. ಆಂಪ್ಲಿಫೈಯರ್ ಎಂದರೆ ಜೆರಾಕ್ಸ್ ಯಂತ್ರವೇ ತಾನೆ, ಒಂದು ಫೋಟಾನ್ ಬಂದರೆ ಅದರಂಥದ್ದೇ ಸಾವಿರ ಮಾಡಿ ಕಳಿಸುವುದು. ಇಲ್ಲಿ ಅದು ನಡೆಯುವುದಿಲ್ಲ. ಒಳ್ಳೆಯ ಫೈಬರ್‌ನಲ್ಲಿ ಕಿಲೋಮೀಟರಿಗೆ 0.2 ಡೆಸಿಬೆಲ್ ಲಾಸ್. ಪ್ರತಿ 10 ಡೆಸಿಬೆಲ್‌ಗೆ ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 100 ಕಿ.ಮೀ.ಗೆ 20 ಡೆಸಿಬೆಲ್, ಅಂದರೆ ನೂರು ಫೋಟಾನ್ ಹೊರಟರೆ ಒಂದು ತಲುಪುತ್ತದೆ. ಅದನ್ನೂ ಸಹಿಸಿಕೊಳ್ಳಬಹುದು. 1,000 ಕಿ.ಮೀ.ಗೆ 200 ಡೆಸಿಬೆಲ್. ಸೆಕೆಂಡಿಗೆ 100 ಕೋಟಿ ಫೋಟಾನ್ ಬಿಡುತ್ತಾ ಕೂತರೂ ಆ ತುದಿಗೆ ಒಂದು ಮುಟ್ಟಲು ಸರಾಸರಿ 3,000 ವರ್ಷಕ್ಕೂ ಹೆಚ್ಚು ಬೇಕು. ಡೆಸಿಬೆಲ್ ಲೆಕ್ಕ ಗೊತ್ತಿರುವ ಯಾವ ಡಿಪ್ಲೊಮಾ ವಿದ್ಯಾರ್ಥಿಯೂ ಇದನ್ನು ಅಂಗೈ ಮೇಲೆ ಬರೆದು ತೋರಿಸಬಲ್ಲ.

ಇದಿಷ್ಟೂ ಪುಸ್ತಕದ ಲಾಸ್. ನೆಲದ ಮೇಲೆ ಬನ್ನಿ. 2 ಕಿ.ಮೀ.ಗೊಂದು ಡ್ರಮ್ (ಕೇಬಲ್ ಸುತ್ತಿದ ಉರುಳೆ) ಎಂದುಕೊಂಡರೂ 100 ಕಿ.ಮೀ.ಯಲ್ಲಿ ಐವತ್ತರ ಹತ್ತಿರ ಜಾಯಿಂಟ್, ಒಂದೊಂದಕ್ಕೆ 0.05 ಹಿಡಿದರೂ ಎರಡೂವರೆ ಡೆಸಿಬೆಲ್. ರಸ್ತೆ ಅಗಲ ಮಾಡುವಾಗ ಕಡಿದು ಕೂಡಿಸಿದ ಜಾಯಿಂಟ್‌ಗಳು ಬೇರೆ. ಸ್ಟೇಷನ್‌ನಲ್ಲಿ ಪ್ಯಾಚ್ ಕಾರ್ಡ್‌ನ ತುದಿಗೆ ಧೂಳು ಕೂತು 1 ಡೆಸಿಬೆಲ್ ಹೋದರೆ, ಮಾಮೂಲಿ ಲೈನಿನಲ್ಲಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಬರುವ ಫೋಟಾನ್‌ನಲ್ಲಿ ಐದರಲ್ಲಿ ಒಂದು ಪಾಲು ಹೋಯಿತು. 3 ಡೆಸಿಬೆಲ್ ಹೋದರೆ ಅರ್ಧ. ಆಲ್ಕೋಹಾಲ್ ಹಚ್ಚಿ, ನಾರು ಬಿಡದ ಬಟ್ಟೆಯಲ್ಲಿ ಕನೆಕ್ಟರ್ ಒರೆಸಿ, ಸ್ಕೋಪ್‌ನಲ್ಲಿ ತುದಿ ನೋಡಿ ಹಾಕುವ ಶಿಸ್ತು ಇದೆಯಲ್ಲ, ಹುಡುಗರು ಬೇಸರಪಡುವ ಆ ಲ್ಯಾಬ್ ಪಾಠ, ಕ್ವಾಂಟಮ್ ಲೈನಿನಲ್ಲಿ ಅದರ ಬೆಲೆ ದುಪ್ಪಟ್ಟಾಗುತ್ತದೆ.

ಗಾಳಿಗೆ ತೂಗುವ, ಬಿಸಿಲಿಗೆ ಕಾಯುವ ಫೈಬರ್‌ನಲ್ಲಿ ಬೆಳಕಿನ ಧ್ರುವೀಕರಣ, ಅಂದರೆ ಅದರ ಅಲೆ ತೂಗುವ ದಿಕ್ಕು, ಕ್ಷಣಕ್ಷಣಕ್ಕೂ ತಿರುಗುತ್ತದೆ. ಅಕ್ಕ ‘ನೇರ’ ಎಂದು ಕಳಿಸಿದ್ದು ತಮ್ಮನ ಹತ್ತಿರ ವಾಲಿಕೊಂಡು ಬಂದರೆ ಕಳ್ಳನಿಲ್ಲದೆಯೂ ಎರರ್, ಅಂದರೆ ತಾಳೆಯಾಗದ ಬಿಟ್‌ಗಳ ಪಾಲು, ಏರುತ್ತದೆ. ಅದಕ್ಕೆ ಸದಾ ತಿದ್ದುವ ಸರ್ಕ್ಯೂಟ್ ಬೇಕು, ಇಲ್ಲವೇ ಧ್ರುವೀಕರಣ ಬಿಟ್ಟು ಪಲ್ಸ್‌ನ ಹೊತ್ತು, ಫೇಸ್ (ಅಲೆಯ ಏರಿಳಿತದ ಹಂತ) ಇವುಗಳಲ್ಲಿ ಬಿಟ್ ತುಂಬಬೇಕು. ಧ್ರುವೀಕರಿಸಿದ ಬೆಳಕಿನ ಫೇಸ್ ಬಗ್ಗೆ 1956ರಲ್ಲೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೂತು ಬರೆದವರು ಪಂಚರತ್ನಂ. ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು, ಮೂವತ್ತೈದರ ಹರೆಯದಲ್ಲೇ ತೀರಿಕೊಂಡರು. ಅವರ ಹೆಸರಿನ ‘ಪಂಚರತ್ನಂ ಫೇಸ್’ ಇವತ್ತೂ ಬಳಕೆಯಲ್ಲಿದೆ.

ರಾಮನ್ ಎಂದಾಗ ಇನ್ನೊಂದು ಮಾತು. ಕ್ವಾಂಟಮ್ ಲೈನಿಗೆಂದೇ ಖಾಲಿ ಫೈಬರ್ ಸಿಗುವುದು ದುಬಾರಿ, ಮಾಮೂಲಿ ಟ್ರಾಫಿಕ್ ಓಡುವ ಎಳೆಯಲ್ಲೇ ಬೇರೆ ಬಣ್ಣದಲ್ಲಿ ಒಂಟಿ ಫೋಟಾನ್ ಕಳಿಸಬಾರದೇಕೆ ಎಂದು ಯಾರಿಗಾದರೂ ಅನಿಸುತ್ತದೆ. ಕಳಿಸಬಹುದು. ಆದರೆ ಪಕ್ಕದಲ್ಲಿ ಹರಿಯುವ ಆ 7,800 ಲಕ್ಷ ಕೋಟಿ ಫೋಟಾನ್‌ಗಳಲ್ಲಿ ಕೆಲವು ಗಾಜಿನ ಅಣುಗಳಿಗೆ ತಾಗಿ ಬಣ್ಣ ಬದಲಿಸಿಕೊಂಡು ನಮ್ಮ ಒಂಟಿ ಫೋಟಾನ್‌ನ ಬಣ್ಣಕ್ಕೇ ಬಂದು ಸೇರುತ್ತವೆ. ಅದೇ ರಾಮನ್ ಚದುರುವಿಕೆ, 1928ರಲ್ಲಿ ಅವರು ಕಲ್ಕತ್ತೆಯಲ್ಲಿ ಕಂಡುಹಿಡಿದದ್ದು. ನೊಬೆಲ್ ತಂದ ಪರಿಣಾಮ ಇಲ್ಲಿ ನಾಯ್ಸ್ ಆಗಿ ಕೂತಿದೆ. ಅದನ್ನು ಸೋಸಲು ಬಿಗಿಯಾದ ಫಿಲ್ಟರ್, ಮಾಮೂಲಿ ಲೇಸರ್‌ನ ಪವರ್ ಇಳಿಸುವ ಲೆಕ್ಕ, ಯಾವ ಚಾನೆಲ್ ಎಲ್ಲಿಡಬೇಕೆಂಬ ಯೋಜನೆ ಬೇಕು. ಇದನ್ನೆಲ್ಲ ಮಾಡಬೇಕಾದವರು ಸಂವಹನ ಎಂಜಿನಿಯರ್‌ಗಳೇ.

ದೂರದ ಊರಿಗೆ ಇವತ್ತು ಇರುವ ದಾರಿ ‘ನಂಬಿಕೆಯ ನೋಡ್’. ಪ್ರತಿ ನೂರು ಕಿ.ಮೀ. ಆಸುಪಾಸಿಗೆ ಒಂದು ಕೊಠಡಿ. ಅಲ್ಲಿ ಕೀ ಫೋಟಾನ್ ರೂಪ ಬಿಟ್ಟು ಮಾಮೂಲಿ ಬಿಟ್ ಆಗಿ ಹೊರಬರುತ್ತದೆ, ಮುಂದಿನ ತುಂಡಿನ ಕೀಯೊಂದಿಗೆ ಬೆರೆತು ಮುಂದೆ ಹೋಗುತ್ತದೆ. ಚೀನಾದವರು 2017ರಲ್ಲಿ ಬೀಜಿಂಗ್‌ನಿಂದ ಶಾಂಘೈಗೆ ಹಾಕಿದ 2,000 ಕಿ.ಮೀ. ಲೈನಿನಲ್ಲಿ ಇಂಥ 32 ನೋಡ್ ಇವೆ. ಕೊಠಡಿಯ ಒಳಗೆ ಕೀ ಬತ್ತಲೆ. ಅಲ್ಲಿ ಕೈಹಾಕಿದವನಿಗೆ ಭೌತಶಾಸ್ತ್ರದ ಯಾವ ನಿಯಮವೂ ಅಡ್ಡ ಬರುವುದಿಲ್ಲ.

ನಾನು ಕೆಲಸ ಮಾಡಿದ ರೂಟಿನಲ್ಲಿ ಊರಾಚೆ ಒಂದು ರಿಪೀಟರ್ ಕೊಠಡಿ ಇತ್ತು. ಬ್ಯಾಟರಿ ಸಾಲು, ಎರಡು ರ‍್ಯಾಕ್, ಗೋಡೆಗೆ ಒರಗಿಸಿದ ಏಣಿ. ಬೀಗದ ಕೈ ಒಂದು ನಮ್ಮ ಹತ್ತಿರ, ಇನ್ನೊಂದು ಪಕ್ಕದ ಅಂಗಡಿಯ ಮೊಳೆಗೆ ನೇತು ಹಾಕಿರುತ್ತಿತ್ತು, ರಾತ್ರಿ ಹೊತ್ತು ಯಾರಾದರೂ ಬಂದರೆ ಬೇಕಾಗುತ್ತದೆ ಎಂದು. ಅವತ್ತಿಗೆ ಅದು ಸರಿ. ನಮ್ಮ ದೇಶ 2,000 ಕಿ.ಮೀ. ಕ್ವಾಂಟಮ್ ಲೈನ್ ಕಟ್ಟಲು ಹೊರಟಿರುವಾಗ, ಆ ಮೊಳೆ ನನಗೆ ಬಹಳ ಸಲ ನೆನಪಾಗುತ್ತದೆ. ಕೊಠಡಿ ಕಾಯುವವರು ಯಾರು, ಬಾಗಿಲು ತೆರೆದ ದಾಖಲೆ ಎಲ್ಲಿ, ರ‍್ಯಾಕ್ ಮುಟ್ಟಿದರೆ ಕೀ ತಾನೇ ಅಳಿದುಹೋಗುವ ಏರ್ಪಾಡು ಇದೆಯೇ: ಈ ಪ್ರಶ್ನೆಗಳಿಗೆ ಉತ್ತರ ಬರೆಯಬೇಕಾದವರು ಪ್ರೊಫೆಸರ್‌ಗಳಲ್ಲ, ಫೀಲ್ಡ್‌ನವರು. ನಡುವಿನ ಕೊಠಡಿಯನ್ನು ನಂಬಬೇಕಿಲ್ಲದ ವಿಧಾನವೂ ಬಂದಿದೆ, 2018ರಲ್ಲಿ ಸೂಚಿಸಿದ ‘ಟ್ವಿನ್ ಫೀಲ್ಡ್’. ಅದರಲ್ಲಿ 2023ರಲ್ಲಿ 1,002 ಕಿ.ಮೀ. ಫೈಬರ್ ದಾಟಿದ್ದಾರೆ, ಆದರೆ ಅಷ್ಟು ದೂರಕ್ಕೆ ಸಿಕ್ಕ ಕೀ ಸೆಕೆಂಡಿಗೆ ಒಂದು ಬಿಟ್ ಕೂಡ ಇಲ್ಲ. ಉಪಗ್ರಹದ ದಾರಿ ಬೇರೆ. ಬಾಹ್ಯಾಕಾಶದಲ್ಲಿ ಗಾಜಿಲ್ಲ, ಲಾಸ್ ಹೆಚ್ಚಾಗಿ ಬೆಳಕು ಹರಡುವುದರಿಂದ. 2016ರ ಆಗಸ್ಟ್‌ನಲ್ಲಿ ಹಾರಿದ ಚೀನಾದ ಮಿಸಿಯಸ್ ಹೆಣೆದ ಫೋಟಾನ್‌ಗಳನ್ನು 1,200 ಕಿ.ಮೀ. ಅಂತರದ ಎರಡು ನೆಲೆಗಳಿಗೆ ಇಳಿಸಿತು.

ನಮ್ಮಲ್ಲೂ ಕೆಲಸ ನಡೆದಿದೆ, ಅದನ್ನು ಸರಿಯಾದ ಅಂಕಿಯೊಂದಿಗೆ ಬರೆದರೆ ಹೆಮ್ಮೆ ಕಡಿಮೆಯಾಗುವುದಿಲ್ಲ. 2021ರಲ್ಲಿ ರಾಮನ್ ಸಂಸ್ಥೆಯವರು ತಮ್ಮ ಆವರಣದಲ್ಲೇ ಎರಡು ಕಟ್ಟಡಗಳ ನಡುವೆ 50 ಮೀಟರ್ ಗಾಳಿಯಲ್ಲಿ ಕೀ ಹಂಚಿದರು. ಅದೇ ವರ್ಷ ಇಸ್ರೊದವರು ಅಹಮದಾಬಾದಿನಲ್ಲಿ 300 ಮೀಟರ್. 2022ರ ಫೆಬ್ರುವರಿಯಲ್ಲಿ ಡಿಆರ್‌ಡಿಒ ಮತ್ತು ದೆಹಲಿ ಐಐಟಿ ಪ್ರಯಾಗ್‌ರಾಜ್‌ನಿಂದ ವಿಂಧ್ಯಾಚಲಕ್ಕೆ, 100 ಕಿ.ಮೀ.ಗೂ ಹೆಚ್ಚು, ಅದೂ ಆಗಲೇ ನೆಲದಲ್ಲಿದ್ದ ಮಾಮೂಲಿ ದರ್ಜೆಯ ಫೈಬರ್‌ನಲ್ಲಿ. ನನಗೆ ಎಲ್ಲಕ್ಕಿಂತ ಸಂತೋಷ ಕೊಟ್ಟದ್ದು ಇದು, ಏಕೆಂದರೆ ಆ ಫೈಬರ್‌ಗೆ ಜಾಯಿಂಟ್ ಹಾಕಿದವರು ನನ್ನಂಥವರು. 2023ರ ಏಪ್ರಿಲ್ 19ರಂದು ಕೇಂದ್ರ ಸಂಪುಟ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಸಂವಹನದ ಹಬ್ ಮದ್ರಾಸ್ ಐಐಟಿಯಲ್ಲಿ, ಕಂಪ್ಯೂಟಿಂಗ್‌ನ ಹಬ್ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 2025ರ ಜೂನ್‌ನಲ್ಲಿ ಡಿಆರ್‌ಡಿಒ ಮತ್ತು ದೆಹಲಿ ಐಐಟಿ ಹೆಣೆದ ಫೋಟಾನ್‌ಗಳಿಂದ ಗಾಳಿಯಲ್ಲಿ 1 ಕಿ.ಮೀ. ದಾಟಿದರು. ಕೀ ಸೆಕೆಂಡಿಗೆ ಸುಮಾರು 240 ಬಿಟ್, ಎರರ್ ಶೇ 7ಕ್ಕಿಂತ ಕಡಿಮೆ.

240 ಎಂದರೆ ಏನು? ಹಳೆಯ ಫೋನಿನ ಒಂದು ಕರೆಗೇ ಸೆಕೆಂಡಿಗೆ 64,000 ಬಿಟ್ ಬೇಕು. ಕೀಯ ಒಂದೊಂದು ಬಿಟ್ಟನ್ನು ಮಾತಿನ ಒಂದೊಂದು ಬಿಟ್‌ಗೆ ಖರ್ಚು ಮಾಡಿ ಗಣಿತದಿಂದಲೂ ಒಡೆಯಲಾಗದ ಹಾಗೆ ಮುಚ್ಚಬೇಕೆಂದರೆ ಅದು ಎಲ್ಲಿಗೂ ಸಾಲದು. ಆದರೆ ಎಇಎಸ್ ಎಂಬ ಮಾಮೂಲಿ ಗಣಿತದ ಬೀಗಕ್ಕೆ 256 ಬಿಟ್‌ನ ಹೊಸ ಕೀ ಹೆಚ್ಚುಕಡಿಮೆ ಸೆಕೆಂಡಿಗೊಂದು ಸಿಕ್ಕ ಹಾಗಾಯಿತು. ಎರರ್ ಅಂಕಿಗೂ ಅರ್ಥವಿದೆ. ಈ ವಿಧಾನದಲ್ಲಿ ಎರರ್ ಶೇ 11ರ ಹತ್ತಿರ ಹೋದರೆ ಕೀ ಎಸೆಯಬೇಕು, ನಡುವೆ ಯಾರೋ ಇರಬಹುದು ಎಂದು. ಈ ಎರಡು ಅಂಕಿ ಇಲ್ಲದ ಕ್ವಾಂಟಮ್ ಸುದ್ದಿ, ಲಾಸ್ ಬರೆಯದ ಜಾಯಿಂಟ್ ರಿಪೋರ್ಟ್ ಇದ್ದ ಹಾಗೆ.

ಈಗ ‘ಭೇದಿಸಲಾಗದ’ ಎಂಬ ಮಾತಿಗೆ ಬರುತ್ತೇನೆ. ಬೆನೆಟ್ ಮತ್ತು ಬ್ರಾಸಾರ್ ಜೊತೆಗಾರರೊಂದಿಗೆ 1989ರಲ್ಲಿ ಮೊದಲ ಯಂತ್ರ ಕಟ್ಟಿದರು. ಮೇಜಿನ ಮೇಲೆ ಒಂದು ಅಡಿಯಷ್ಟು ಗಾಳಿಯಲ್ಲಿ ಫೋಟಾನ್ ದಾಟಿದ್ದು. ಆದರೆ ಧ್ರುವೀಕರಣ ತಿರುಗಿಸುವ ಭಾಗಕ್ಕೆ ಹೆಚ್ಚು ವೋಲ್ಟೇಜ್ ಕೊಡುವ ಪವರ್ ಸಪ್ಲೈ ಒಂದೊಂದು ಸ್ಥಿತಿಗೆ ಒಂದೊಂದು ಥರ ಸದ್ದು ಮಾಡುತ್ತಿತ್ತು. ಕಿವಿ ಕೇಳಿಸದ ಕಳ್ಳನಿಂದ ಮಾತ್ರ ಅದು ಸುರಕ್ಷಿತ ಎಂದು ಬ್ರಾಸಾರ್ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಫೋಟಾನ್ ಗುಟ್ಟು ಬಿಡಲಿಲ್ಲ, ಪವರ್ ಸಪ್ಲೈ ಬಿಟ್ಟಿತು. 2010ರಲ್ಲಿ ಮಾರುಕಟ್ಟೆಯಲ್ಲಿದ್ದ ಯಂತ್ರಗಳ ಡಿಟೆಕ್ಟರ್‌ಗೆ ಪ್ರಖರ ಬೆಳಕು ಬಿಟ್ಟು ಕುರುಡು ಮಾಡಿ, ಕಳ್ಳ ತನಗೆ ಬೇಕಾದ ಹಾಗೆ ಅದನ್ನು ಆಡಿಸಬಹುದು ಎಂದು ಸಂಶೋಧಕರು ಮಾಡಿ ತೋರಿಸಿದರು. ಲೇಸರ್‌ನ ಪಲ್ಸ್‌ನಲ್ಲಿ ಆಗೊಮ್ಮೆ ಈಗೊಮ್ಮೆ ಎರಡು ಫೋಟಾನ್ ಹೋಗುತ್ತವೆ, ಹೆಚ್ಚಿನದನ್ನು ಕದಿಯಬಹುದು. ಅದಕ್ಕೆ ನಡುನಡುವೆ ಹುಸಿ ಪಲ್ಸ್ ಬೆರೆಸುವ ಉಪಾಯ ಬಂತು. ಒಂದೊಂದಕ್ಕೂ ಮದ್ದು ಸಿಕ್ಕಿದೆ, ಆದರೆ ನಿಯಮಕ್ಕೆ ತೂತಿಲ್ಲದಿದ್ದರೂ ಡಬ್ಬಿಗೆ ಇರುತ್ತದೆ ಎಂದು ಪ್ರತಿ ಸಲವೂ ಗೊತ್ತಾಗಿದೆ.

ಇನ್ನೊಂದು ವಿಷಯ ಬಹಳ ಜನ ಬರೆಯುವುದೇ ಇಲ್ಲ. ಕಳ್ಳ ಅಕ್ಕನ ಮುಂದೆ ತಮ್ಮನಾಗಿ, ತಮ್ಮನ ಮುಂದೆ ಅಕ್ಕನಾಗಿ ನಿಂತರೆ? ಎರಡೂ ಕಡೆ ಬೇರೆ ಬೇರೆ ಕೀ ಮಾಡಿಕೊಂಡು ನಡುವೆ ಆರಾಮವಾಗಿ ಕೂರಬಹುದು. ಇದನ್ನು ತಡೆಯಲು ಇಬ್ಬರ ನಡುವೆ ಮೊದಲೇ ಒಂದು ಸಣ್ಣ ಗುಟ್ಟು ಇರಬೇಕು, ಕ್ರಮ ಕೂಗುತ್ತಿರುವವರು ನಮ್ಮವರೇ ಎಂದು ಗುರುತಿಸಲು. ಹೆಪ್ಪಿಗೆ ಒಂದು ಚಮಚ ಮೊಸರು ಇಲ್ಲದೆ ಹಾಲು ಮೊಸರಾಗುವುದಿಲ್ಲ, ಹಾಗೆ. ಕ್ಯೂಕೆಡಿ ಚಿಕ್ಕ ಗುಟ್ಟನ್ನು ದೊಡ್ಡದು ಮಾಡುತ್ತದೆ, ಇಲ್ಲದ ಕಡೆ ಹುಟ್ಟಿಸುವುದಿಲ್ಲ.

ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ತನ್ನ ದೇಶದ ಭದ್ರತಾ ಜಾಲಗಳಿಗೆ ಕ್ಯೂಕೆಡಿ ಬೇಡ ಎಂದೇ ಹೇಳಿದೆ. ವಿಶೇಷ ಉಪಕರಣ, ನಂಬಬೇಕಾದ ನೋಡ್, ಲೈನ್ ಅಲುಗಿಸಿದರೆ ಸಾಕು ಕೀ ನಿಲ್ಲುತ್ತದೆ ಎಂಬ ಭಯ, ಇವು ಅದರ ಕಾರಣ. 1994ರಲ್ಲಿ ಪೀಟರ್ ಶೋರ್ ತೋರಿಸಿದಂತೆ ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಇವತ್ತು ಇಂಟರ್ನೆಟ್‌ನಲ್ಲಿ ಬಳಸುವ ಆರ್‌ಎಸ್‌ಎ ಎಂಬ ಗಣಿತದ ಬೀಗಗಳನ್ನು ಒಡೆಯಬಲ್ಲದು. ಅದಕ್ಕೆ ಇನ್ನೊಂದು ಮದ್ದು, ಬರೀ ಸಾಫ್ಟ್‌ವೇರ್‌ನಲ್ಲಿ ಹಾಕುವ ಹೊಸ ಗಣಿತದ ಬೀಗಗಳು. 2024ರ ಆಗಸ್ಟ್‌ನಲ್ಲಿ ಅಮೆರಿಕದ ಮಾನಕ ಸಂಸ್ಥೆ ಅಂಥ ಮೂರು ಮಾನಕ ಹೊರಡಿಸಿತು. ನನ್ನ ಅಭಿಪ್ರಾಯ ಹೇಳುತ್ತೇನೆ: ನಮ್ಮ ನಿಮ್ಮ ಫೋನಿಗೆ, ಬ್ಯಾಂಕಿನ ಆ್ಯಪ್‌ಗೆ ಈ ಹೊಸ ಗಣಿತದ ಬೀಗವೇ ಬರಬೇಕು, ಬೇಗ ಬರಬೇಕು. ಕ್ಯೂಕೆಡಿ ಕೆಲವೇ ಕೆಲವು ದೊಡ್ಡ ಲೈನ್‌ಗಳಿಗೆ, ಐವತ್ತು ವರ್ಷ ಗುಟ್ಟಾಗಿ ಇರಬೇಕಾದ ಮಾಹಿತಿ ಓಡುವ ಕಡೆ. ವಿದ್ಯಾರ್ಥಿಗಳಿಗೆ ಎರಡನ್ನೂ ಕಲಿಸಬೇಕು.

ಕಲಿಸುವುದು ಎಲ್ಲಿ ಎಂಬುದೇ ನನ್ನ ಕೊರಗು. ಬೆಂಗಳೂರಿನ ದೊಡ್ಡ ಸಂಸ್ಥೆಗಳಲ್ಲಿ ಇಂಗ್ಲಿಷ್‌ನಲ್ಲಿ ನಡೆಯುವ ಕಾರ್ಯಾಗಾರಕ್ಕೆ ನಮ್ಮ ಹುಡುಗರು ಹೋಗಲಾರರು. ಪಾಲಿಟೆಕ್ನಿಕ್ ಮತ್ತು ಐಟಿಐ ಮಟ್ಟದಲ್ಲಿ, ಕನ್ನಡದಲ್ಲಿ, ಆರು ಗಂಟೆಯ ಒಂದು ಪಾಠ ಸಾಕು: ಒಂಟಿ ಫೋಟಾನ್, ಲಾಸ್ ಲೆಕ್ಕ, ಕನೆಕ್ಟರ್ ಶುಚಿ, ಧ್ರುವೀಕರಣ, ನೋಡ್ ಕಾವಲು. ನಾಳೆ ಹಾಸನದಿಂದ ಮಂಗಳೂರಿಗೆ ಇಂಥ ಲೈನ್ ಎಳೆದರೆ ಘಾಟಿಯ ಮಳೆಯಲ್ಲಿ ಗುಂಡಿಗಿಳಿಯುವವರು ಇವರೇ.

ತಮ್ಮ ವರದಿಗಾರರಿಗೂ ಒಂದು ಮನವಿ. ಮುಂದಿನ ಸಲ ಇಂಥ ಸುದ್ದಿ ಬಂದಾಗ ನಾಲ್ಕು ಪ್ರಶ್ನೆ ಕೇಳಿ ಬರೆಯಲಿ: ಎಷ್ಟು ಕಿ.ಮೀ., ಸೆಕೆಂಡಿಗೆ ಎಷ್ಟು ಬಿಟ್ ಕೀ, ಎರರ್ ಶೇಕಡ ಎಷ್ಟು, ನಡುವೆ ಎಷ್ಟು ನೋಡ್. ನಾಲ್ಕೂ ಉತ್ತರ ಒಂದೇ ಸಾಲಿನಲ್ಲಿ ಹಿಡಿಸುತ್ತವೆ.

ಲಕೋಟೆ ಆಟದ ನಿಯಮಗಳನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ಜಾಗ ಇದ್ದರೆ ವಿದ್ಯಾರ್ಥಿಗಳ ಪುಟದಲ್ಲಿ ಹಾಕಿ. 64 ಲಕೋಟೆ, ಒಂದು ನಾಣ್ಯ, ನಾಲ್ಕು ಮಕ್ಕಳು, ಒಂದು ಪೀರಿಯಡ್ ಸಾಕು. ಪೇಪರ್ ಮಡಚಿಕೊಂಡು ಬಂದಿದ್ದ ಆ ಹುಡುಗ ಈ ಸಲ ತಾನೇ ಕಳ್ಳನ ಜಾಗದಲ್ಲಿ ಕೂರುತ್ತೇನೆ ಎಂದು ಹೇಳಿ ಹೋಗಿದ್ದಾನೆ.

ಇಂತಿ ತಮ್ಮ ಓದುಗ,
ಪಾಲಿಟೆಕ್ನಿಕ್ ಉಪನ್ಯಾಸಕ, ಎಲೆಕ್ಟ್ರಾನಿಕ್ಸ್ ಮತ್ತು ಸಂವಹನ ವಿಭಾಗ
ಹಾಸನ ಜಿಲ್ಲೆ